ಸೀತಾಂಗೋಳಿ ಕಡೆಯ ‘ಸರ್ಕಲ್’ ಹೇಗಿದೆ? ವಿಶೇಷ ಮಕ್ಕಳ ಮನೆಯವರಿಗೆ ಒಂದು ರಿವ್ಯೂ

ಸರ್ಕಲ್ ಅಂದರೆ ಜಗಳ ಆದ ಮಕ್ಕಳನ್ನೂ ಅವರ ಮನೆಯವರನ್ನೂ ವೃತ್ತವಾಗಿ ಕೂರಿಸಿ ಮಾತಾಡಿಸುವ ಕೂಟ. ಇದು ಥೆರಪಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಾತು ಬರಬೇಕು, ಪೆನ್ಸಿಲ್ ಹಿಡಿಯಬೇಕು, ಹಠ ಬಿಡಬೇಕು ಅಂತ ಕರೆದುಕೊಂಡು ಹೋದರೆ ನಿರಾಸೆ ಆಗುತ್ತದೆ. ನಿಮ್ಮ ಮಗನೋ ಮಗಳೋ ಶಾಲೆಯಲ್ಲಿ ಯಾರಿಗೋ ಹೊಡೆದು, ಇಲ್ಲವೇ ಯಾರಿಂದಲೋ ಪೆಟ್ಟು ತಿಂದು, ಆಮೇಲೆ ಎರಡು ಮನೆಯವರೂ ಬಸ್‌ಸ್ಟಾಪಿನಲ್ಲಿ ಮುಖ ತಿರುಗಿಸಿ ನಿಲ್ಲುವ ಸ್ಥಿತಿ ಬಂದಿದ್ದರೆ, ಆಗ ಇಲ್ಲಿಗೆ ಹೋಗಿ.

ಜಾಗ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಆಸುಪಾಸು, ಕುಂಬಳೆ-ಬದಿಯಡ್ಕ ರಸ್ತೆಗೆ ತಾಗಿಕೊಂಡೇ ಉಂಟು. ಹೆಸರು ಹಾಕುವುದಿಲ್ಲ. ಹಾಕಿದರೆ ನಮ್ಮ ಶಾಲೆ ಯಾವುದು, ಆ ಇನ್ನೊಬ್ಬ ಹುಡುಗ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮ ಕಡೆಯ ವಿಶೇಷ ಮಕ್ಕಳ ತಂದೆತಾಯಿ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ನಡೆಸುವವರು ಇಬ್ಬರು. ಒಬ್ಬರು ತುಂಬಾ ವರ್ಷ ಸ್ಪೆಷಲ್ ಎಜುಕೇಟರ್ ಆಗಿದ್ದವರು, ಎಲ್ಲರೂ ‘ಟೀಚರ್’ ಅಂತಲೇ ಕರೆಯುವುದು. ಇನ್ನೊಬ್ಬಳು ಕೌನ್ಸೆಲಿಂಗ್ ಕಲಿತ ಹುಡುಗಿ. ಒಂದು ಕೂಟಕ್ಕೆ 600 ರೂಪಾಯಿ. ಅದಕ್ಕೆ ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುತ್ತಾರಲ್ಲ, ಅದಕ್ಕೆ ದುಡ್ಡಿಲ್ಲ. ಪೆಟ್ಟು ತಿಂದ ಮಗುವಿನ ಮನೆಯವರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಅದು ನನಗೆ ಸರಿ ಅನ್ನಿಸಿತು.

ಇವರದ್ದು ರೆಸ್ಟೋರೇಟಿವ್ ಪದ್ಧತಿ. ತಪ್ಪು ಯಾರದ್ದು, ಶಿಕ್ಷೆ ಎಷ್ಟು ಅಂತ ಲೆಕ್ಕ ಹಾಕುವ ಬದಲು, ಏನು ಕೆಟ್ಟಿತು, ಯಾರಿಗೆ ನೋವಾಯಿತು, ಅದನ್ನು ಯಾರು ಹೇಗೆ ಸರಿ ಮಾಡುವುದು ಅಂತ ಎಲ್ಲರೂ ಒಟ್ಟಿಗೆ ಕೂತು ಮಾತಾಡುವುದು. 1974ರಲ್ಲಿ ಕೆನಡಾದಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಕಿಟಕಿ ಒಡೆದು, ಟೈರ್ ಹರಿದು ಹಾವಳಿ ಮಾಡಿದ್ದರು. ಅವರ ಮೇಲ್ವಿಚಾರಣೆಗೆ ಇದ್ದ ಅಧಿಕಾರಿ, ಇವರನ್ನು ನಷ್ಟ ಆದವರ ಮನೆಮನೆಗೆ ಕಳಿಸಿದರೆ ಹೇಗೆ ಅಂತ ಜಡ್ಜರಿಗೆ ಹೇಳಿದ, ಹುಡುಗರು ಹೋಗಿ ಬಾಗಿಲು ತಟ್ಟಿದರು. ಅಲ್ಲಿಂದ ಇದು ಹಬ್ಬಿತು. ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನೇ ಮಾಡಿ, ತಪ್ಪು ಮಾಡಿದ ಮಕ್ಕಳ ವಿಷಯವನ್ನು ಮನೆಯವರನ್ನೆಲ್ಲ ಕೂರಿಸಿ ತೀರ್ಮಾನಿಸುವ ಕ್ರಮ ತಂದಿತು. ಅಲ್ಲಿನ ಮಾವೋರಿ ಜನರ ರೂಢಿಯ ಪ್ರಭಾವ ಅದರಲ್ಲಿ ಉಂಟು. ಈಗ ಎಷ್ಟೋ ದೇಶಗಳ ಶಾಲೆಗಳಲ್ಲಿ ನಡೆಯುತ್ತದೆ.

‘ನಮ್ಮ ಅಜ್ಜಂದಿರ ಪಂಚಾತಿಗೆ ಇದೇ ಅಲ್ವಾ’ ಅಂತ ನನ್ನ ಮಾವ ಕೇಳಿದರು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಪಂಚಾತಿಗೆಯಲ್ಲಿ ಮಾತು ನಡೆಯುವುದು ದೊಡ್ಡವರದ್ದು. ಮಗು ಮೂಲೆಯಲ್ಲಿ ನಿಂತಿರುತ್ತದೆ. ನಮ್ಮಂಥ ಮಗು ಆದರೆ ಮೂಲೆಯಲ್ಲೂ ಇರುವುದಿಲ್ಲ, ‘ಅವನಿಗೆ ಎಂತ ಗೊತ್ತಾಗ್ತದೆ’ ಅಂತ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ನಮ್ಮ ಕಥೆ ಹೇಳುತ್ತೇನೆ, ಇಲ್ಲದಿದ್ದರೆ ರಿವ್ಯೂ ಅರ್ಥ ಆಗುವುದಿಲ್ಲ. ನಮ್ಮವನಿಗೆ ಆಟಿಸಂ. ಹೈಸ್ಕೂಲಿನಲ್ಲಿದ್ದಾನೆ, ಕನ್ನಡ ಮೀಡಿಯಂ. ಮಾತು ಉಂಟು, ಆದರೆ ಕಮ್ಮಿ. ನಾವು ಹೇಳಿದ್ದರ ಕೊನೆಯ ತುಂಡನ್ನೇ ತಿರುಗಿ ಹೇಳುವುದು ಜಾಸ್ತಿ. ಶಾಲೆಯಲ್ಲಿ ಕಲೋತ್ಸವದ ಪ್ರಾಕ್ಟೀಸ್ ನಡೆಯುತ್ತಿತ್ತು. ಒಂದು ಕ್ಲಾಸಿನಲ್ಲಿ ಯಕ್ಷಗಾನದ ಚೆಂಡೆ, ಪಕ್ಕದಲ್ಲಿ ಒಪ್ಪನ ಕುಣಿತದ ಚಪ್ಪಾಳೆ, ಅಂಗಳದಲ್ಲಿ ಯಾರೋ ಮೈಕ್ ಹಿಡಿದು ‘ಹಲೋ ಚೆಕ್ ಚೆಕ್’. ಮಧ್ಯಾಹ್ನ ಊಟಕ್ಕೆ ಕರೆಯಲಿಕ್ಕೆ ಅಂತ ಒಬ್ಬ ಹುಡುಗ ಹಿಂದಿನಿಂದ ಬಂದು ಇವನ ಹೆಗಲು ಮುಟ್ಟಿದ. ಇವ ತಿರುಗಿ ಕೈ ಬೀಸಿದ. ಆ ಹುಡುಗನ ಕನ್ನಡಕ ಮುರಿದು ಕಣ್ಣಿನ ಕೆಳಗೆ ಗೀರಿತು.

ಶಾಲೆಯಲ್ಲಿ ಎಂತ ಮಾಡಿದರು? ಎಲ್ಲ ಕಡೆ ಮಾಡುವುದನ್ನೇ ಮಾಡಿದರು. ಕ್ಲಾಸಿನ ಮುಂದೆ ನಿಲ್ಲಿಸಿ ‘ಸಾರಿ ಹೇಳು’ ಅಂದರು. ಇವ ‘ಸಾರಿ ಹೇಳು’ ಅಂದ. ಮತ್ತೆ ಜೋರಾಗಿ ‘ಸಾರಿ ಹೇಳು’ ಅಂದರು. ಇವನೂ ಜೋರಾಗಿ ‘ಸಾರಿ ಹೇಳು’ ಅಂದ. ಕ್ಲಾಸಿಡೀ ನಕ್ಕಿತು. ಪೆಟ್ಟು ತಿಂದ ಹುಡುಗ ಮಾತ್ರ ನಗಲಿಲ್ಲ, ಅವನಿಗೆ ಅದು ಇನ್ನೊಂದು ಪೆಟ್ಟು. ಸಂಜೆ ಅವನ ಅಪ್ಪ ಬಂದು ‘ಟಿಸಿ ಕೊಟ್ಟು ಕಳಿಸಿ’ ಅಂದರು. ಕಲೋತ್ಸವ ಮುಗಿಯುವವರೆಗೆ ಇವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತ ನಮಗೆ ಹೇಳಿ ಕಳಿಸಿದರು. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಅದರ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವುದೂ ಇಲ್ಲ, ಮಾನಸಿಕ ಹಿಂಸೆಯೂ ಇಲ್ಲ. ಹೊಡೆಯುವುದು ಈಗ ಕಮ್ಮಿ ಆಗಿದೆ, ನಿಜ. ಆದರೆ ಬೆತ್ತ ಇಟ್ಟ ಮೇಲೆ ಎಂತ ಮಾಡಬೇಕು ಅಂತ ಮಾಸ್ಟ್ರುಗಳಿಗೆ ಯಾರೂ ಕಲಿಸಿಲ್ಲ. ಆ ಖಾಲಿ ಜಾಗದಲ್ಲಿ ಈ ‘ಸಾರಿ ಹೇಳು’ ಬಂದು ಕೂತಿದೆ.

ಈಗ ಸರ್ಕಲ್ ವಿಷಯ. ಇವರ ಕೆಲಸದ ಮುಕ್ಕಾಲು ಪಾಲು ಕೂಟಕ್ಕೆ ಮೊದಲೇ ಮುಗಿದಿರುತ್ತದೆ. ಟೀಚರ್ ಮೊದಲು ಹೋದದ್ದು ನಮ್ಮ ಮನೆಗಲ್ಲ, ಆ ಹುಡುಗನ ಮನೆಗೆ. ‘ಅವನಿಗೆ ಬರಲಿಕ್ಕೆ ಮನಸ್ಸಿಲ್ಲದಿದ್ದರೆ ಕೂಟವೇ ಇಲ್ಲ ಅಕ್ಕ, ಒತ್ತಾಯ ಮಾಡಲಿಕ್ಕಿಲ್ಲ’ ಅಂತ ನಮಗೆ ಮೊದಲೇ ಹೇಳಿದ್ದರು. ಆಮೇಲೆ ಕ್ಲಾಸ್ ಮಾಸ್ಟ್ರ ಹತ್ತಿರ. ಕೊನೆಗೆ ನಮ್ಮವನ ಹತ್ತಿರ.

ಈ ಪದ್ಧತಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ, ಆಸ್ಟ್ರೇಲಿಯಾದ ಒಬ್ಬ ಪೊಲೀಸ್ ಅಧಿಕಾರಿ ರೂಢಿಗೆ ತಂದದ್ದಂತೆ. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಎಂತ ಇತ್ತು? ಆಮೇಲೆ ಎಂತ ಅನ್ನಿಸಿತು? ಯಾರಿಗೆಲ್ಲ ತೊಂದರೆ ಆಯಿತು? ಸರಿ ಮಾಡಲಿಕ್ಕೆ ಎಂತ ಮಾಡಬೇಕು? ‘ಯಾಕೆ ಮಾಡಿದೆ’ ಅನ್ನುವುದು ಇದರಲ್ಲಿ ಇಲ್ಲ, ಗಮನಿಸಿ. ಯಾಕೆ ಅಂದ ಕೂಡಲೇ ಎಂಥ ಮಗುವೂ ಒಂದೋ ಸುಳ್ಳು ಹೇಳುತ್ತದೆ, ಇಲ್ಲ ಬಾಯಿ ಮುಚ್ಚುತ್ತದೆ. ಸರಿ, ಪ್ರಶ್ನೆಗಳು ಒಳ್ಳೆಯದೇ. ಆದರೆ ಎಲ್ಲ ಮಾತಿನ ಮೇಲೆಯೇ ನಿಂತಿವೆ. ‘ಮನಸ್ಸಿನಲ್ಲಿ ಎಂತ ಇತ್ತು’ ಅಂದರೆ ನನಗೇ ಹೇಳಲಿಕ್ಕೆ ಕಷ್ಟ, ನಮ್ಮವನಿಗೆ ಹೇಗೆ ಆದೀತು?

ಟೀಚರ್ ಮಾಡಿದ್ದು ಹೀಗೆ. ಒಂದು ಹಾಳೆಯಲ್ಲಿ ಮೂರು ಚೌಕ ಎಳೆದರು, ಮೊದಲು, ಆಗ, ಆಮೇಲೆ. ಕಡ್ಡಿಯ ಹಾಗೆ ಮನುಷ್ಯರ ಚಿತ್ರ ಬಿಡಿಸಿದರು, ಇವ ಮಧ್ಯದಲ್ಲಿ ಕೈಹಾಕಿ ಚೆಂಡೆ ಬಿಡಿಸಿದ. ಆಮೇಲೆ ಕೇಳಿದರು, ‘ಚೆಂಡೆ ಕಷ್ಟ ಆಯ್ತಾ, ಮುಟ್ಟಿದ್ದು ಕಷ್ಟ ಆಯ್ತಾ?’ ‘ಮುಟ್ಟಿದ್ದು ಕಷ್ಟ ಆಯ್ತಾ’ ಅಂದ ಇವ. ನಾನು ಓಹೋ ಅಂತ ತಲೆ ಆಡಿಸಿದೆ. ಟೀಚರ್ ಆಡಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಮುಂದೆ ಮಾಡಿ ಕೇಳಿದರು, ‘ಮುಟ್ಟಿದ್ದು ಕಷ್ಟ ಆಯ್ತಾ, ಚೆಂಡೆ ಕಷ್ಟ ಆಯ್ತಾ?’ ‘ಚೆಂಡೆ ಕಷ್ಟ ಆಯ್ತಾ’ ಅಂದ. ಅಂದರೆ ಅದು ಉತ್ತರವೇ ಅಲ್ಲ. ಕೊನೆಗೆ ಎರಡು ಚಿತ್ರ ಮೇಜಿನ ಮೇಲೆ ಇಟ್ಟು ಬೆರಳು ತೋರಿಸಲಿಕ್ಕೆ ಹೇಳಿದರು, ಜಾಗ ಅದಲುಬದಲು ಮಾಡಿ ಇನ್ನೊಮ್ಮೆ. ಎರಡು ಸಲವೂ ಬೆರಳು ಹೋದದ್ದು ಹೆಗಲ ಮೇಲಿನ ಕೈಗೆ. ನಾವೆಲ್ಲ ಚೆಂಡೆ ಚೆಂಡೆ ಅಂತ ಹಾರಾಡುತ್ತಿದ್ದೆವು. ಚೆಂಡೆಯನ್ನು ಅವ ಹೇಗೋ ತಡೆದುಕೊಂಡಿದ್ದ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಉಂಟು. ಬುದ್ಧಿ ಬೆಳವಣಿಗೆ ನಿಧಾನ ಇರುವ ಮಕ್ಕಳಲ್ಲಿ ಎಷ್ಟೋ ಜನ ಕೇಳಿದ್ದಕ್ಕೆಲ್ಲ ‘ಹೌದು’ ಅನ್ನುತ್ತಾರೆ. ದೊಡ್ಡವರ ಮುಖ ನೋಡಿ, ಅವರಿಗೆ ಬೇಕಾದದ್ದನ್ನು ಹೇಳುತ್ತಾರೆ. ‘ನೀನೇ ಮಾಡಿದ್ದಾ?’ ಹೌದು. ‘ಬೇಸರ ಆಯ್ತಾ?’ ಹೌದು. ‘ಇನ್ನು ಮಾಡುವುದಿಲ್ಲ ಅಲ್ವಾ?’ ಹೌದು. ಕೂಟ ಚಂದ ಮುಗಿಯುತ್ತದೆ, ಎಲ್ಲರಿಗೂ ಖುಷಿ, ಮಗುವಿಗೆ ಒಂದು ಅಕ್ಷರ ಅರ್ಥ ಆಗಿರುವುದಿಲ್ಲ. ಸರ್ಕಲ್ ನಡೆಸುತ್ತೇವೆ ಅಂತ ಬೋರ್ಡ್ ಹಾಕಿದವರ ಹತ್ತಿರ ಹೋದರೆ ನೀವು ನೋಡಬೇಕಾದದ್ದು ಇದೇ: ಮಗುವಿನ ಉತ್ತರವನ್ನು ಅವರು ಪರೀಕ್ಷೆ ಮಾಡುತ್ತಾರಾ, ಅಥವಾ ಸಿಕ್ಕಿದ್ದನ್ನು ತೆಗೆದುಕೊಂಡು ಮುಂದೆ ಹೋಗುತ್ತಾರಾ.

ಕೂಟದ ದಿನ. ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದರು, ಮಧ್ಯದಲ್ಲಿ ಮೇಜಿಲ್ಲ. ನಮ್ಮವನ ಕುರ್ಚಿ ಬಾಗಿಲಿನ ಹತ್ತಿರ, ಎದ್ದು ಹೋಗಬೇಕು ಅನ್ನಿಸಿದರೆ ಹೋಗಲಿ ಅಂತ. ಮಾತಾಡುವವರ ಕೈಯಲ್ಲಿ ಉಜ್ಜಿ ನುಣುಪು ಮಾಡಿದ ಒಂದು ಗೆರಟೆ, ಅಂದರೆ ತೆಂಗಿನ ಚಿಪ್ಪು, ಇರುತ್ತದೆ, ಅದು ಇದ್ದವರು ಮಾತ್ರ ಮಾತಾಡುವುದು. ನಮ್ಮವನ ಕೈಗೆ ಗೆರಟೆ ಹೋದದ್ದೇ ತಡ, ಅದನ್ನು ತಿರುಗಿಸಿ ತಿರುಗಿಸಿ ಉಜ್ಜುತ್ತಾ ಕೂತ, ಕೊಡಲಿಕ್ಕೇ ಒಪ್ಪಲಿಲ್ಲ. ಟೀಚರ್ ಚೀಲದಿಂದ ಇನ್ನೊಂದು ಗೆರಟೆ ತೆಗೆದರು. ಅಂದರೆ ಇದು ಮೊದಲ ಸಲ ಆಗಿದ್ದಲ್ಲ!

ಪ್ರಶ್ನೆ ಕೇಳಿದ ಮೇಲೆ ಟೀಚರ್ ಸುಮ್ಮನೆ ಕೂರುತ್ತಾರೆ. ನಮ್ಮ ಮಕ್ಕಳಿಗೆ ಕೇಳಿದ್ದು ಒಳಗೆ ಇಳಿದು ಉತ್ತರ ಮೇಲೆ ಬರಲಿಕ್ಕೆ ಹೊತ್ತು ಬೇಕಲ್ಲ. ಆ ಮೌನ ತಡೆದುಕೊಳ್ಳಲಿಕ್ಕೆ ಆಗದೆ ಒದ್ದಾಡುವವರು ನಾವು ದೊಡ್ಡವರೇ. ಹೆಡ್‌ಮಾಸ್ಟ್ರು ನಡುವೆ ಬಾಯಿ ಹಾಕಿದರು, ಟೀಚರ್ ಕೈ ಎತ್ತಿ ನಿಲ್ಲಿಸಿದರು. ಹೆಡ್‌ಮಾಸ್ಟ್ರನ್ನು ಹಾಗೆ ಯಾರಾದರೂ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ನೋಡಿ ಮಾತಾಡು ಅಂತ ಮಗುವಿಗೆ ಯಾರೂ ಹೇಳುವ ಹಾಗಿಲ್ಲ, ಅದೂ ಅಲ್ಲಿನ ನಿಯಮ.

ಆ ಹುಡುಗ ಮಾತಾಡಿದ್ದು ಸ್ವಲ್ಪವೇ. ‘ಎಲ್ಲರೂ ನನಗೆ, ಅವನಿಗೆ ಗೊತ್ತಾಗುವುದಿಲ್ಲ ಬಿಡು ಅಂತಲೇ ಹೇಳಿದ್ದು. ನೋವಾಯ್ತಾ ಅಂತ ಕೇಳಲಿಲ್ಲ’ ಅಂದ. ಅವನ ಅಪ್ಪ ತಲೆ ತಗ್ಗಿಸಿದರು. ನಮ್ಮ ಕಡೆಯವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ನಮ್ಮ ಮಕ್ಕಳು ಬೇಕಂತ ಮಾಡುವುದಿಲ್ಲ, ತಲೆ ಕೆಟ್ಟು ಹೋದಾಗ ಆಗಿಬಿಡುತ್ತದೆ, ಒಪ್ಪಿದೆ. ಆದರೆ ಕನ್ನಡಕ ಮುರಿದದ್ದು ಸುಳ್ಳಲ್ಲವಲ್ಲ. ಎರಡನ್ನೂ ಒಟ್ಟಿಗೆ ಹೇಳಲಿಕ್ಕೆ ಜಾಗ ಇರುವುದು ಇಂಥ ಕೂಟದಲ್ಲೇ. ಶಿಕ್ಷೆ ಕೊಡುವವರು ಮೊದಲನೆಯದನ್ನು ನುಂಗುತ್ತಾರೆ, ಪಾಪ ಅನ್ನುವವರು ಎರಡನೆಯದನ್ನು.

ಇನ್ನೊಂದು ಇಷ್ಟವಾದ ವಿಷಯ, ಪ್ರಶ್ನೆ ದೊಡ್ಡವರಿಗೂ ಬರುತ್ತದೆ. ‘ಅಷ್ಟು ಗಲಾಟೆಯಲ್ಲಿ ಇವನು ಹೋಗಿ ಕೂರಲಿಕ್ಕೆ ಜಾಗ ಎಲ್ಲಿತ್ತು ಮಾಸ್ಟ್ರೆ?’ ಅಂತ ಟೀಚರ್ ಕೇಳಿದರು. ಮಾಸ್ಟ್ರು ಸ್ವಲ್ಪ ಯೋಚನೆ ಮಾಡಿ, ದಿನಾ ಲೈಬ್ರರಿಗೆ ಹೋಗುತ್ತಿದ್ದ, ವೇಷದ ಸಾಮಾನು ಇಟ್ಟು ಬೀಗ ಹಾಕಿದ್ದೆವು ಅಂದರು. ಯಾರೂ ಅವರನ್ನು ಬೈಯಲಿಲ್ಲ. ಆದರೆ ತೀರ್ಮಾನದ ಹಾಳೆಯಲ್ಲಿ ಮೊದಲ ಸಾಲೇ ಲೈಬ್ರರಿ ಬೀಗದ್ದು. ಎರಡನೆಯದು, ಇವನನ್ನು ಕರೆಯುವವರು ಎದುರಿನಿಂದ ಬಂದು ಕೈ ಎತ್ತಿ ತೋರಿಸುವುದು. ಮೂರನೆಯದು ಕನ್ನಡಕ.

ಕನ್ನಡಕಕ್ಕೆ ನಾವು ದುಡ್ಡು ಕೊಟ್ಟು ಮುಗಿಸುತ್ತಿದ್ದೆವು. ಟೀಚರ್ ಬಿಡಲಿಲ್ಲ. ‘ಇವನೇ ಹೋಗಲಿ, ರಿಪೇರಿ ಆಗುವುದನ್ನು ನೋಡಲಿ, ಇವನೇ ತಂದು ಕೊಡಲಿ’ ಅಂದರು. ಅಪ್ಪನ ಜೊತೆ ಕುಂಬಳೆ ಪೇಟೆಗೆ ಹೋದ. ಅಂಗಡಿಯವರು ಫ್ರೇಮಿಗೆ ಗಾಜು ಕೂರಿಸಿ ಆ ಸಣ್ಣ ಸ್ಕ್ರೂ ತಿರುಗಿಸುವುದನ್ನು ಮೂಗು ತಾಗಿಸಿಕೊಂಡು ನೋಡಿದನಂತೆ. ಡಬ್ಬಿಯನ್ನು ಯಾರ ಕೈಗೂ ಕೊಡದೆ ಇಟ್ಟುಕೊಂಡು ಬಂದ. ಮಾರನೆ ದಿನ ಶಾಲೆಯಲ್ಲಿ ಆ ಹುಡುಗನ ಎದುರು ನಿಂತು ಡಬ್ಬಿ ತೆರೆದು ಹಿಡಿದ. ಆ ಹುಡುಗ ಹಾಕಿಕೊಂಡು, ‘ಸರಿ ಉಂಟು’ ಅಂದ. ‘ಸರಿ ಉಂಟು’ ಅಂದ ಇವನೂ.

ಅಲ್ಲಿಂದ ಇಬ್ಬರೂ ಜೀವದ ಗೆಳೆಯರಾದರು ಅಂತ ಬರೆದರೆ ಚಂದ ಇರುತ್ತಿತ್ತು. ಆಗಲಿಲ್ಲ. ಎದುರಿಗೆ ಸಿಕ್ಕರೆ ಆ ಹುಡುಗ ಕೈ ಎತ್ತುತ್ತಾನೆ, ಅಷ್ಟೇ. ಇವ ಆಮೇಲೂ ಒಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ಒಬ್ಬರಿಗೆ ಕೈ ಬೀಸಿದ್ದಾನೆ. ಟಿಸಿ ಮಾತು ಮಾತ್ರ ಮತ್ತೆ ಬಂದಿಲ್ಲ, ಮಧ್ಯಾಹ್ನ ಲೈಬ್ರರಿ ತೆರೆದಿರುತ್ತದೆ. ನನಗೆ ಇಷ್ಟು ಸಾಕು.

ಇನ್ನು ಸರಿ ಇಲ್ಲದ್ದು. ಮೊದಲನೆಯದು ಮೆಟ್ಟಿಲು. ಮೇಲಿನ ಮಾಳಿಗೆಯಲ್ಲಿ ಕೋಣೆ, ಕಡಿದಾದ ಮೆಟ್ಟಿಲು, ಲಿಫ್ಟೂ ಇಲ್ಲ, ರ‍್ಯಾಂಪೂ ಇಲ್ಲ. 2016ರ ವಿಕಲಚೇತನರ ಹಕ್ಕು ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಪಟ್ಟಿ ಮಾಡಿ, ಜನ ಬಂದುಹೋಗುವ ಕಟ್ಟಡ ಎಲ್ಲರೂ ಬಳಸುವ ಹಾಗಿರಬೇಕು ಅಂತ ಹೇಳುತ್ತದೆ. ವಿಶೇಷ ಮಕ್ಕಳಿಗಾಗಿಯೇ ಇರುವ ಜಾಗದಲ್ಲಿ ದೊಡ್ಡ ಮಗಳನ್ನು ಅಪ್ಪ ಎತ್ತಿಕೊಂಡು ಏದುಸಿರು ಬಿಡುತ್ತಾ ಹತ್ತುವುದನ್ನು ನೋಡಬೇಕಾ? ಬಾಡಿಗೆ ಕಟ್ಟಡ ಅನ್ನುತ್ತಾರೆ. ಇರಬಹುದು, ಕೆಳಗೆ ಎಲ್ಲಾದರೂ ಒಂದು ಕೋಣೆ ಸಿಗುವುದಿಲ್ಲವಾ?

ಎರಡನೆಯದು ಭಾಷೆ. ಟೀಚರಿಗೆ ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಕೌನ್ಸೆಲಿಂಗ್ ಹುಡುಗಿಗೆ ಮಲಯಾಳ ಮಾತ್ರ. ಮಕ್ಕಳಿಗೆ ತೋರಿಸುವ ಕಾರ್ಡುಗಳೂ ಮಲಯಾಳದ್ದೇ, ಮೇಲೆ ಕನ್ನಡ ಬರೆದ ಚೀಟಿ ಅಂಟಿಸಿದ್ದಾರೆ, ಅದು ಅರ್ಧ ಕಿತ್ತು ಬಂದಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಥೆರಪಿಯಲ್ಲಿ ಮಲಯಾಳ ಅಂತ ನಮ್ಮ ಮಕ್ಕಳು ಮೊದಲೇ ಸುಸ್ತಾಗಿರುತ್ತಾರೆ. ಬೇರೆ ವಿಷಯಕ್ಕೆ ಹೇಗೋ ಆದೀತು, ‘ನಿನಗೆ ಎಂತ ಅನ್ನಿಸಿತು’ ಅಂತ ಕೇಳುವುದು ಮಗುವಿನ ಮನೆ ಭಾಷೆಯಲ್ಲೇ ಆಗಬೇಕು. ಟೀಚರೇ ಕೂರುವ ಕೂಟ ಬೇಕು ಅಂತ ಮೊದಲೇ ಕೇಳಿಕೊಳ್ಳಿ, ಕಾಯಬೇಕಾಗುತ್ತದೆ.

ಮೂರನೆಯದು, ಬಾಯಿಮಾತಿನ ಬದಲು ಟ್ಯಾಬ್ ಒತ್ತಿ ಮಾತಾಡುವ ಮಕ್ಕಳಿಗೆ ಇವರು ಇನ್ನೂ ತಯಾರಿಲ್ಲ. ಹಾಗೆ ಮಾತಾಡುವ ಒಬ್ಬ ಹುಡುಗಿ ಉತ್ತರ ಹುಡುಕುವ ಮೊದಲೇ ಗೆರಟೆ ಮುಂದೆ ಹೋಗಿತ್ತು ಅಂತ ಅವಳ ಅಮ್ಮ ನನ್ನ ಹತ್ತಿರ ಬೇಸರ ಮಾಡಿಕೊಂಡರು. ಆಮೇಲೆ ಶಾಲೆಯವರು ಒಪ್ಪಿದ್ದನ್ನು ಮಾಡುತ್ತಾರಾ ಅಂತ ನೋಡಲಿಕ್ಕೆ ಇವರಿಗೆ ಜನ ಇಲ್ಲ. ಒಂದು ಫೋನ್ ಬರುತ್ತದೆ, ಅಷ್ಟೇ. ಶಾಲೆಯವರು ಕೂಟಕ್ಕೇ ಬರುವುದಿಲ್ಲ ಅಂದರೆ ಅರ್ಧ ಪ್ರಯೋಜನ ಹೋಯಿತು ಅಂತ ಲೆಕ್ಕ ಹಾಕಿ.

ಒಂದು ಭಯವೂ ಇತ್ತು ನನಗೆ. ಇದು ಕೊನೆಗೆ ರಾಜಿ ಪಂಚಾತಿಗೆ ಆಗುತ್ತದಾ ಅಂತ. ಪೆಟ್ಟು ತಿನ್ನುವುದು ಜಾಸ್ತಿ ನಮ್ಮ ಮಕ್ಕಳೇ ಅಲ್ವಾ? ಎಲ್ಲದಕ್ಕೂ ‘ಪರವಾಗಿಲ್ಲ’ ಅನ್ನುವ ಮಗುವನ್ನು ಕೂರಿಸಿ, ಕಾಡಿದವನ ಜೊತೆ ಕೈ ಕುಲುಕಿಸಿ ಕಳಿಸುವುದು ತುಂಬಾ ಸುಲಭ. ಟೀಚರ್ ಹತ್ತಿರ ನೇರವಾಗಿ ಕೇಳಿದೆ. ಮೈ ಮುಟ್ಟುವ ವಿಷಯ, ಲೈಂಗಿಕ ಕಿರುಕುಳ ಅಂತ ಸಂಶಯ ಬಂದರೂ ಕೂಟ ಇಲ್ಲ ಅಂದರು. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ಹೇಳಲೇಬೇಕು, ಎರಡು ಮನೆಯವರು ಕೂತು ಮುಗಿಸಲಿಕ್ಕೆ ಬರುವುದಿಲ್ಲ. ಹಾಗೆಯೇ ಒಬ್ಬನೇ ಮಗುವನ್ನು ಒಂದು ಗುಂಪು ದಿನಾ ಕಾಡುತ್ತಿದ್ದರೆ, ಮೊದಲು ಅದು ನಿಂತಿದೆ ಅಂತ ಗೊತ್ತಾಗದೆ ಎದುರುಬದುರು ಕೂರಿಸುವುದಿಲ್ಲವಂತೆ. ಈ ಉತ್ತರ ಕೊಡದ ಕಡೆ ನಾನಾದರೆ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ.

18 ದಾಟಿದವರನ್ನೂ ಇವರು ತೆಗೆದುಕೊಳ್ಳುತ್ತಾರೆ. ನಮ್ಮ ಜಿಲ್ಲೆಗೆ ಇದು ದೊಡ್ಡ ವಿಷಯ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ಲ, ಎಣ್ಮಕಜೆ ಪಂಚಾಯತಿನ ಪಡ್ರೆ ಕಡೆಯಲ್ಲಿ ಅಂಗವೈಕಲ್ಯದ ಜೊತೆ ಹುಟ್ಟಿದ ಆ ಕಾಲದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟ್ 5 ಲಕ್ಷ ಪರಿಹಾರ ಕೊಡಿ ಅಂದಿತು, ಅದಕ್ಕಾಗಿ ಓಡಾಡುವುದರಲ್ಲೇ ಎಷ್ಟೋ ಅಮ್ಮಂದಿರ ಆಯುಷ್ಯ ಹೋಯಿತು. ವಿಶೇಷ ಮಕ್ಕಳಿಗೆ ಪಂಚಾಯತಿನ ಬಡ್ಸ್ ಶಾಲೆಗಳು, 18 ದಾಟಿದವರಿಗೆ ಬಡ್ಸ್ ಕೇಂದ್ರಗಳು ಉಂಟು, ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಇಪ್ಪತ್ತೈದರ ಹುಡುಗ ಸಿಟ್ಟಿನಲ್ಲಿ ಅಮ್ಮನನ್ನೇ ದೂಡಿದರೆ ಮನೆಯವರು ಯಾರ ಹತ್ತಿರ ಹೋಗಬೇಕು? ಕೋಣೆಯಲ್ಲಿ ಹಾಕಿ ಚಿಲಕ ಹಾಕುತ್ತಾರೆ, ಇನ್ನೆಂತ ಮಾಡುತ್ತಾರೆ. ಅಂಥ ಮನೆಗಳಿಗೆ ಟೀಚರೇ ಹೋಗುತ್ತಾರೆ, ಅಣ್ಣ ತಂಗಿ ಎಲ್ಲರನ್ನೂ ಕೂರಿಸುತ್ತಾರೆ. ಅದಕ್ಕೆ ಫೀಸು ಕೇಳಿದ್ದನ್ನು ನಾನು ಕೇಳಿಲ್ಲ.

ಮಂಗಳೂರಿನ ಒಂದು ಸೆಂಟರಿಗೂ ನಾವು ಹೋಗುತ್ತಿದ್ದೆವು. ತಲಪಾಡಿ ದಾಟಿ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿ ಹೊಡೆಯದೆ ಇದ್ದ ದಿನಕ್ಕೆ ಒಂದು ಸ್ಟಾರ್, ಹತ್ತು ಸ್ಟಾರಿಗೆ ಒಂದು ಚಾಕಲೇಟು. ನಮ್ಮವ ಸ್ಟಾರ್ ಲೆಕ್ಕ ಹಾಕುವುದು ಬೇಗ ಕಲಿತ.

ಹೋಗುವವರಿಗೆ ಕೆಲವು ಮಾತು. ಘಟನೆ ಆದ ದಿನವೇ ಓಡಬೇಡಿ, ಮಗು ಪೂರ್ತಿ ತಣ್ಣಗಾಗಲಿ. ಹಾಗಂತ ತಿಂಗಳು ಬಿಟ್ಟು ಹೋದರೆ ಮಗುವಿಗೆ ಯಾವ ವಿಷಯ ಅಂತಲೇ ನೆನಪಿರುವುದಿಲ್ಲ. ಜಗಳ ಆದ ಜಾಗದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಚಿತ್ರ ಬಿಡಿಸುವಾಗ ಉಪಯೋಗ ಆಗುತ್ತದೆ. ತೀರ್ಮಾನದ ಹಾಳೆ ಇಂಗ್ಲಿಷಿನಲ್ಲಿ ಕೊಟ್ಟರೆ ಕನ್ನಡದಲ್ಲಿ ಬರೆಸಿಕೊಂಡೇ ಏಳಿ. ಕೂಟ ಇರುವುದು ಶನಿವಾರ ಮಾತ್ರ. ಕೆಳಗೆ ಹಿಟ್ಟಿನ ಗಿರಣಿ ಉಂಟು, ಹನ್ನೊಂದು ಗಂಟೆ ಆದ ಮೇಲೆ ಅದು ಶುರು ಆಗುತ್ತದೆ. ಸದ್ದು ಸಹಿಸಲಿಕ್ಕೆ ಆಗದ ಮಕ್ಕಳಾದರೆ ಒಂಬತ್ತೂವರೆಯ ಹೊತ್ತನ್ನೇ ಕೇಳಿ.